ಮಿಕ್ಸ್ಚರ್ ಸ್ಕ್ರೂ ಪೂರ್ತಿ ಮುಚ್ಚಿದರೂ ಎಂಜಿನ್ ಓಡುತ್ತಲೇ ಇದೆ, ಏನು ಕಾರಣ?

ಪ್ರಶ್ನೆ: ಸರ್, ಹಳೆಯ ನಾಲ್ಕು ಸಿಲಿಂಡರ್ ಕಾರು, ಒಂದೇ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ). ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ನಾಲ್ಕೂ ಪ್ಲಗ್ ಮಸಿ ಹಿಡಿದಿವೆ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದರೆ ತೆರೆಯುವ ಫ್ಲಾಪ್) ಬುಡದ ಹತ್ತಿರ ಇರುವ, ಐಡ್ಲಿಂಗ್ ಪೆಟ್ರೋಲ್ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಪೂರ್ತಿ ಮುಚ್ಚಿದರೂ ಎಂಜಿನ್ ನಿಲ್ಲುವುದಿಲ್ಲ. ಎಷ್ಟು ಸುತ್ತು ಬಿಡಬೇಕು?

ಉತ್ತರ: ಸುತ್ತಿನ ಲೆಕ್ಕ ಆಮೇಲೆ. ಆ ಜಾಗದ ಸ್ಕ್ರೂ ಮುಚ್ಚಿದರೆ ಎಂಜಿನ್ ನಡುಗಿ ನಿಲ್ಲಬೇಕು. ನಿಲ್ಲುತ್ತಿಲ್ಲ ಅಂದರೆ ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ.

ಎಂಜಿನ್ ಬಿಸಿಯಾದ ಮೇಲೆ ಚೋಕ್ ಫ್ಲಾಪ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆದಿದೆಯೇ ನೋಡಿ. ಕೇಬಲ್ ಬಿಗಿಯಾಗಿ ಅರ್ಧಕ್ಕೇ ನಿಂತಿರುವುದು ಸಾಮಾನ್ಯ. ಮುಂದಿನದು ಫ್ಲೋಟ್, ಅಂದರೆ ಕಾರ್ಬುರೇಟರ್ ಬೌಲ್‌ನಲ್ಲಿ ತೇಲಿ ಪೆಟ್ರೋಲ್ ಮಟ್ಟ ಕಾಯುವ ಭಾಗ. ಏರ್ ಫಿಲ್ಟರ್ ತೆಗೆದು ಐಡ್ಲಿಂಗ್‌ನಲ್ಲಿ ಕಾರ್ಬುರೇಟರ್ ಬಾಯಿಯೊಳಗೆ ಬದಿಯಿಂದ ಬಗ್ಗಿ ನೋಡಿ. ಮೇಲೆ ಮುಖ ಒಡ್ಡಬೇಡಿ, ಬ್ಯಾಕ್‌ಫೈರ್ ಆದರೆ ಬೆಂಕಿ ಚಿಮ್ಮುತ್ತದೆ. ಮೇನ್ ನಾಝಲ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಬೌಲ್‌ನಲ್ಲಿ ಮಟ್ಟ ಹೆಚ್ಚಾಗಿದೆ. ಬೌಲ್‌ಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್‌ನಲ್ಲಿ ಕಸ ಕೂತಿರಬಹುದು, ಇಲ್ಲವೇ ಫ್ಲೋಟ್ ತೂತಾಗಿರಬಹುದು. ಟೊಳ್ಳು ಫ್ಲೋಟ್ ಆದರೆ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಬದಲಾಯಿಸಲೇಬೇಕು.

ಇವೆರಡೂ ಸರಿಯಿದ್ದರೆ ಐಡ್ಲ್ ಸ್ಪೀಡ್ ಸ್ಕ್ರೂ ಅತಿಯಾಗಿ ಬಿಗಿದಿರಬಹುದು. ಥ್ರಾಟಲ್ ಫ್ಲಾಪ್ ಹೆಚ್ಚು ತೆರೆದು ಪಕ್ಕದ ಸಣ್ಣ ತೂತುಗಳಿಂದಲೂ ಪೆಟ್ರೋಲ್ ಎಳೆಯುತ್ತದೆ. ಆಗ ಮಿಕ್ಸ್ಚರ್ ಸ್ಕ್ರೂ ಮಾತು ನಡೆಯುವುದಿಲ್ಲ.

ಪ್ರಶ್ನೆ: ಫ್ಲೋಟ್ ಮಟ್ಟ ಸರಿಮಾಡಿದೆ, ಸ್ಪೀಡ್ ಸ್ಕ್ರೂ ಸಡಿಲಿಸಿದೆ. ಈಗ ಟ್ಯೂನಿಂಗ್ ಹೇಗೆ?

ಉತ್ತರ: ಮೊದಲು ಟ್ಯಾಪೆಟ್ (ವಾಲ್ವ್ ಸಂದು), ಪಾಯಿಂಟ್ ಗ್ಯಾಪ್ (ಕಿಡಿ ಕೊಡುವ ಸ್ವಿಚ್‌ನ ಸಂದು), ಟೈಮಿಂಗ್ (ಕಿಡಿ ಬೀಳುವ ಸಮಯ) ಸರಿಯಿರಲಿ. ಕಿಡಿಯ ದೋಷ ಎಷ್ಟೋ ಸಲ ಮಿಕ್ಸ್ಚರ್ ದೋಷದಂತೆಯೇ ಕಾಣುತ್ತದೆ. ಎಂಜಿನ್ ಆರಿಸಿ ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ತಾಗುವವರೆಗೆ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ಬಿಡಿ. ಬಿಗಿಯಬೇಡಿ. ಬಿಗಿದರೆ ಸೂಜಿ ತುದಿಗೆ ಉಂಗುರದಂತೆ ಗೆರೆ ಬೀಳುತ್ತದೆ, ಆಮೇಲೆ ಐಡ್ಲಿಂಗ್ ಸ್ಥಿರವಾಗಿ ಹೊಂದುವುದಿಲ್ಲ.

ಎಂಜಿನ್ ಚೆನ್ನಾಗಿ ಬಿಸಿಮಾಡಿ. ಏರ್ ಫಿಲ್ಟರ್ ಹಾಕಿಯೇ ಮಾಡಿ, ತೆಗೆದು ಸೆಟ್ ಮಾಡಿದರೆ ಹಾಕಿದಾಗ ಮತ್ತೆ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ. ಐಡ್ಲಿಂಗ್ ಸುಮಾರು 800–900 ಆರ್‌ಪಿಎಂಗೆ ತನ್ನಿ. ಸ್ಕ್ರೂವನ್ನು ಒಂದೆಂಟಾಂಶ ಸುತ್ತಿನಂತೆ ಒಳಗೆ ತಿರುಗಿಸುತ್ತಾ, ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ನಡುಗಲು ಶುರುವಾದ ಜಾಗ ಲೀನ್ (ಪೆಟ್ರೋಲ್ ಕಡಿಮೆ). ಅಲ್ಲಿಂದ ಹೊರಗೆ ತಿರುಗಿಸಿ ಆರ್‌ಪಿಎಂ ಅತಿ ಹೆಚ್ಚು, ಓಟ ಅತಿ ನುಣುಪು ಇರುವಲ್ಲಿ ನಿಲ್ಲಿಸಿ. ಎಂಜಿನ್ ಗಾಳಿ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದರೆ ಮುಳ್ಳು ಗರಿಷ್ಠಕ್ಕೆ ಏರಿ ಸ್ಥಿರವಾಗಿರುವ ಜಾಗ ಅದೇ. ಆರ್‌ಪಿಎಂ ಏರಿದ್ದನ್ನು ಸ್ಪೀಡ್ ಸ್ಕ್ರೂನಿಂದ ಇಳಿಸಿ, ಮತ್ತೊಮ್ಮೆ ಮಿಕ್ಸ್ಚರ್ ನೋಡಿ. ಒಂದು ಮುಟ್ಟಿದರೆ ಇನ್ನೊಂದು ಜರುಗುತ್ತದೆ, ಎರಡು ಮೂರು ಸಲ ಬೇಕು. ಆಕ್ಸಿಲರೇಟರ್ ಮೆಲ್ಲಗೆ ಒತ್ತುವಾಗಲೇ ಎಂಜಿನ್ ತಡವರಿಸಿದರೆ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಹೊರಗೆ ಬಿಡಿ.

ಇನ್ನೊಬ್ಬರ ಪ್ರಶ್ನೆ: ನನ್ನ ಕಾರಿನಲ್ಲಿ ಎಸ್‌ಯು ಕಾರ್ಬುರೇಟರ್ (ಗಾಳಿಯ ಎಳೆತಕ್ಕೆ ಏರಿಳಿಯುವ ಪಿಸ್ಟನ್ ಇರುವ ಬಗೆ). ಇದಕ್ಕೂ ಇದೇ ಕ್ರಮವೇ?

ಉತ್ತರ: ಅಲ್ಲ. ಅದರಲ್ಲಿ ಜೆಟ್ (ಪೆಟ್ರೋಲ್ ಬರುವ ಸಣ್ಣ ನಳಿಕೆ) ಕೆಳಗಿನ ನಟ್‌ ಮೇಲಕ್ಕೆ ಹೋದರೆ ಲೀನ್, ಕೆಳಕ್ಕೆ ಬಂದರೆ ರಿಚ್. ಕಾರ್ಬುರೇಟರ್‌ನ ಪಿಸ್ಟನ್ ಸುಮಾರು 1 ಮಿಲಿಮೀಟರ್ ಎತ್ತಿ ಎಂಜಿನ್ ಸದ್ದು ಕೇಳಿ. ಆರ್‌ಪಿಎಂ ಏರಿ ಹಾಗೇ ನಿಂತರೆ ರಿಚ್, ಕುಸಿದರೆ ಲೀನ್, ಕ್ಷಣ ಏರಿ ಮೊದಲಿನಂತಾದರೆ ಸರಿ.

ಮತ್ತೊಬ್ಬರ ಪ್ರಶ್ನೆ: ಐಡ್ಲಿಂಗ್ ಚೆನ್ನಾಗಿದೆ, ಓಡಿಸುವಾಗ ಮಾತ್ರ ಪ್ಲಗ್ ಬಿಳುಪಾಗುತ್ತಿದೆ. ಎಸ್‌ಯು ಅಲ್ಲ.

ಉತ್ತರ: ಬಿಳಿ ಪ್ಲಗ್ ಅಂದರೆ ಓಡಿಸುವಾಗ ಮಿಕ್ಸ್ಚರ್ ಲೀನ್. ಐಡ್ಲಿಂಗ್‌ನ ಮಿಕ್ಸ್ಚರ್ ಸ್ಕ್ರೂ ಅಲ್ಲಿಗೆ ತಲುಪುವುದಿಲ್ಲ. ಮೇನ್ ಜೆಟ್, ಪೆಟ್ರೋಲ್ ಫಿಲ್ಟರ್, ಪಂಪ್, ಮ್ಯಾನಿಫೋಲ್ಡ್ (ಕಾರ್ಬುರೇಟರ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆ) ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರಿಕೆ ನೋಡಿ. ಅಷ್ಟರವರೆಗೆ ವೇಗವಾಗಿ ಓಡಿಸಬೇಡಿ, ಲೀನ್ ಮಿಕ್ಸ್ಚರ್ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.