ಕಷ್ಟವನ್ನು ತಾಳುವ ಶಕ್ತಿ ಎಲ್ಲಿಂದ ಬರುತ್ತದೆ?

ಸುಮಂತ್: ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಅವರು ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹ, ಹೆತ್ತವರ ಮಾನಸಿಕ ಅಸ್ವಾಸ್ಥ್ಯಗಳ ನಡುವೆ ಬೆಳೆದವರಲ್ಲಿಯೂ ಸುಮಾರು ಮೂರನೇ ಒಂದು ಪಾಲಿನ ಮಕ್ಕಳು ಸಮರ್ಥರಾಗಿ, ಆತ್ಮವಿಶ್ವಾಸದಿಂದ ಬಾಳತೊಡಗಿದರು. ಕಷ್ಟವನ್ನು ತಾಳುವ ಈ ಶಕ್ತಿ, ಅಂದರೆ ಸ್ಥಿತಿಸ್ಥಾಪಕತ್ವವು, ವ್ಯಕ್ತಿಯೊಳಗಿನ ಗುಣ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಾಧವಿ: ‘ವ್ಯಕ್ತಿಯೊಳಗಿನ ಗುಣ’ವೇ? ಆ ಮಕ್ಕಳಿಗೆ ಅಜ್ಜಿಯೋ ಶಿಕ್ಷಕರೋ ನೆರೆಯವರೋ, ನೆಚ್ಚಬಹುದಾದ ಹಿರಿಯರೊಬ್ಬರು ಇದ್ದರೆಂದು ಅದೇ ಅಧ್ಯಯನ ಹೇಳುತ್ತದೆ. ಅದನ್ನೇಕೆ ಬಿಟ್ಟಿರಿ? ಸ್ಥಿತಿಸ್ಥಾಪಕತ್ವವೆಂಬುದು ಭೌತಶಾಸ್ತ್ರದ ಪದ. ಎಳೆದು ಬಿಟ್ಟ ತಂತಿ ಹಿಂದಿನ ಅಳತೆಗೆ ಮರಳುತ್ತದೆ. ಮಗುವನ್ನು ಕಳೆದುಕೊಂಡ ತಾಯಿ ಯಾವ ಅಳತೆಗೆ ಮರಳಬೇಕು?

ಸುಮಂತ್: ತಂತಿಯ ಉದಾಹರಣೆ ನನ್ನ ವಾದವನ್ನೇ ಬಲಪಡಿಸುತ್ತದೆ. ಎಳೆದರೂ ಮರಳಬಲ್ಲ ಮಿತಿ ಉಕ್ಕಿಗೆ ಬೇರೆ, ತಾಮ್ರಕ್ಕೆ ಬೇರೆ. ಆ ಮಿತಿ ವಸ್ತುವಿನೊಳಗೇ ಇದೆ.

ಚಂದ್ರಿಕಾ: ಮನುಷ್ಯರ ವಿಷಯದಲ್ಲಿ ಉಕ್ಕು, ತಾಮ್ರಗಳ ಮಾತೇಕೆ? ‘ಚೇತರಿಕೆ’ ಎಂಬ ಸರಳ ಪದವಿದೆಯಲ್ಲ.

ರಾಘವೇಂದ್ರ: ‘ಚೇತರಿಕೆ’ ಖಂಡಿತ ತಪ್ಪು. ಮನಶ್ಶಾಸ್ತ್ರಜ್ಞ ಜಾರ್ಜ್ ಬೊನಾನೊ 2004ರಲ್ಲಿ ಚೇತರಿಕೆಯನ್ನೂ ಸ್ಥಿತಿಸ್ಥಾಪಕತ್ವವನ್ನೂ ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಕುಸಿದು, ತಿಂಗಳುಗಳ ಬಳಿಕ ಮೆಲ್ಲಗೆ ಏಳುವುದು ಚೇತರಿಕೆ; ನೋವಿನ ನಡುವೆಯೂ ದಿನದ ಬದುಕು ಬಹುಮಟ್ಟಿಗೆ ಕದಲದಿರುವುದು ಇನ್ನೊಂದು, ಮತ್ತು ಅದೇ ಹೆಚ್ಚು ಸಾಮಾನ್ಯ. ಅದಕ್ಕೆ ‘ತಾಳಿಕೆ’ ಎನ್ನೋಣ.

ಮಾಧವಿ: ‘ತಾಳಿಕೆ’! ‘ತಾಳಿದವನು ಬಾಳಿಯಾನು’ ಎಂಬ ಗಾದೆಯಿಂದ ಎಷ್ಟು ಜನರ ಬಾಯಿ ಮುಚ್ಚಿಸಿದ್ದಾರೆಂದು ಯೋಚಿಸಿದ್ದೀರಾ? ‘ಹೆಚ್ಚು ಸಾಮಾನ್ಯ’ ಎಂಬುದೂ ಗಟ್ಟಿಯಲ್ಲ: ಲೆಕ್ಕಾಚಾರದ ಪೂರ್ವಗ್ರಹಿಕೆಗಳನ್ನು ಬದಲಿಸಿದರೆ ಆ ಪ್ರಮಾಣ ಬಹಳ ಇಳಿಯುತ್ತದೆಂದು ಮನಶ್ಶಾಸ್ತ್ರಜ್ಞರಾದ ಇನ್ಫರ್ನಾ ಮತ್ತು ಲೂಥರ್ 2016ರಲ್ಲಿ ತೋರಿಸಿದ್ದಾರೆ.

ರಾಘವೇಂದ್ರ: ಗಾದೆಯನ್ನು ಯಾರೋ ದುರುಪಯೋಗಪಡಿಸಿಕೊಂಡರೆ ಅದರ ಹೊಣೆಯನ್ನು ನನ್ನ ಮೇಲೆ ಹೊರಿಸುವುದು ಅನ್ಯಾಯ. ನಾನು ಹೇಳಿದ್ದು ಸಹಿಸಿಕೊಳ್ಳಿ ಎಂದಲ್ಲ, ಪದವನ್ನು ತಿರುಚಬೇಡಿ.

ಚಂದ್ರಿಕಾ: ನಿಮ್ಮ ವರ್ಗೀಕರಣದ ಪ್ರಕಾರ, ಪತಿ ತೀರಿಕೊಂಡಾಗ ಕುಸಿದು ಎರಡು ವರ್ಷ ಏಳಲಾಗದ ನಾನು ಕೆಳಗಿನ ದರ್ಜೆಯವಳೇ? ಏಳುವುದಕ್ಕೂ ಶಕ್ತಿ ಬೇಕು, ಸ್ವಾಮಿ. ‘ಚೇತರಿಕೆ’ಯನ್ನು ನಾನು ಬಿಟ್ಟುಕೊಡುವುದಿಲ್ಲ.

ರಾಘವೇಂದ್ರ: ‘ದರ್ಜೆ’ ಎಂಬ ಪದವನ್ನು ನಾನು ಬಳಸಿಲ್ಲ.

ಸುಮಂತ್: ಹಿರಿಯರೊಬ್ಬರು ಇದ್ದರೆಂಬ ಮಾತಿಗೆ ಬರುತ್ತೇನೆ. ಆ ಮಕ್ಕಳು ಶೈಶವದಿಂದಲೇ ಸೌಮ್ಯ ಸ್ವಭಾವದವರು, ಲವಲವಿಕೆಯವರು ಎಂದು ವರ್ನರ್ ದಾಖಲಿಸಿದ್ದಾರೆ. ಹಿರಿಯರನ್ನು ತಮ್ಮತ್ತ ಸೆಳೆದದ್ದು ಆ ಸ್ವಭಾವವೇ.

ಮಾಧವಿ: ‘ಸೆಳೆದದ್ದು’ ಎನ್ನುತ್ತೀರಿ. ರೊಮೇನಿಯಾದ ಬುಕಾರೆಸ್ಟಿನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನದಲ್ಲಿ ಅನಾಥಾಲಯಗಳ 136 ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳನ್ನು, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ, ಸಾಕುಕುಟುಂಬಗಳಿಗೆ ಒಪ್ಪಿಸಿದರು. ಬುದ್ಧಿಶಕ್ತಿಯಲ್ಲಿಯೂ ಬಾಂಧವ್ಯದಲ್ಲಿಯೂ ಆ ಮಕ್ಕಳೇ ಮುಂದೆ ಬಂದರು. ಅಲ್ಲಿ ಯಾವ ಮಗು ತನ್ನ ಸ್ವಭಾವದಿಂದ ಯಾರನ್ನು ಸೆಳೆಯಿತು?