ಪುರಸಭೆಯ ಲೆಕ್ಕದಲ್ಲಿ ‘ಸಂಚಯ’ ಅಂದರೇನು?

ಪ್ರಶ್ನೆ: ನಗರಸಭೆಯೊಂದರ ವಾರ್ಷಿಕ ಲೆಕ್ಕಪತ್ರವನ್ನು ಕನ್ನಡಕ್ಕೆ ತರುವಾಗ ‘ಅಕ್ರೂಯಲ್’ ಪದ್ಧತಿಗೆ (ಹಣ ಕೈಬದಲಾಗುವ ಮೊದಲೇ, ಬರಬೇಕಾದದ್ದನ್ನೂ ಕೊಡಬೇಕಾದದ್ದನ್ನೂ ಬರೆದುಕೊಳ್ಳುವ ಲೆಕ್ಕ) ‘ಸಂಚಯ ಆಧಾರಿತ’ ಎಂದು ಬರೆದಿದ್ದೇವೆ. ಓದಿದ ಸದಸ್ಯರು ಕೂಡಿಟ್ಟ ಹಣ ಅಂದುಕೊಳ್ಳುತ್ತಿದ್ದಾರೆ. ‘ಉಪಾರ್ಜಿತ’ ಆದೀತೇ?

ಉತ್ತರ: ಆಗದು. ‘ಉಪಾರ್ಜಿತ’ ಅಂದರೂ ಗಳಿಸಿ ಕೈಗೆ ಬಂದದ್ದು ಎಂದೇ ಹೊಳೆಯುತ್ತದೆ. ಇಲ್ಲಿ ಹಣ ಬಂದಿರುವುದಿಲ್ಲ, ಅದರ ಮೇಲಿನ ಹಕ್ಕು ಹುಟ್ಟಿರುತ್ತದೆ, ಅಷ್ಟೇ.

ಇದಕ್ಕೆ ಕಂದಾಯ ಶಾಖೆಯಲ್ಲಿ ಮೊದಲಿನಿಂದಲೂ ಒಂದು ಮಾತಿದೆ: ಬೇಡಿಕೆ. ಬೇಡಿಕೆ, ವಸೂಲಿ, ಬಾಕಿ, ಅಂದರೆ ಎಲ್ಲರೂ ‘ಡಿಸಿಬಿ’ ಅನ್ನುವ ತಖ್ತೆ. ಇಲ್ಲಿ ಬೇಡಿಕೆ ಮನವಿಯಲ್ಲ. ಈ ವರ್ಷ ಈ ಮನೆಯಿಂದ ಇಷ್ಟು ಆಸ್ತಿ ತೆರಿಗೆ ಬರತಕ್ಕದ್ದು ಎಂಬ ಲೆಕ್ಕ. ನಗದು ಪದ್ಧತಿಯಲ್ಲಿ ವಸೂಲಿಯ ಕಾಲಂ ಮಾತ್ರ ಆದಾಯವಾಗಿತ್ತು. 2006ರ ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಜೋಡಿ ನಮೂದಿನಲ್ಲಿ (ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿ) ಬೇಡಿಕೆಯ ಕಾಲಮೇ ಆದಾಯ. ₹2,400 ಬೇಡಿಕೆಗೆ ₹1,500 ವಸೂಲಾದರೂ ಆದಾಯ ₹2,400. ಉಳಿದ ₹900, ಬರಬೇಕಾದ ಹಣವಾಗಿ, ಆಸ್ತಿಯ ಕಡೆಗೆ. (ಆಸ್ತಿ ತೆರಿಗೆಯ ಬಾಕಿಯೂ ‘ಆಸ್ತಿ’ಯೇ, ಏನು ಮಾಡೋಣ!)

ಎಡವುವುದು ರಿಯಾಯಿತಿಯಲ್ಲಿ. ಏಪ್ರಿಲ್‌ನಲ್ಲೇ ಕಟ್ಟುವವರಿಗೆ ಶೇ 5 ಬಿಟ್ಟು ₹2,280 ತೆಗೆದುಕೊಳ್ಳುತ್ತಾರೆ. ಆ ₹120ನ್ನು ರಿಯಾಯಿತಿ ಎಂದು ಬೇರೆ ನಮೂದು ಹಾಕಿ ಕಳೆಯದಿದ್ದರೆ, ಎಲ್ಲರಿಗಿಂತ ಮೊದಲು ಕಟ್ಟಿದವರ ಹೆಸರಿನಲ್ಲೇ ಹಿಂಬಾಕಿ ನಿಲ್ಲುತ್ತದೆ. ಮರುವರ್ಷ ತಂತ್ರಾಂಶ ಅದಕ್ಕೆ ಬಡ್ಡಿಯನ್ನೂ ಹಾಕೀತು.

ಇದಕ್ಕಿಂತ ದೊಡ್ಡ ತೊಡಕು ಸ್ವಯಂ ಘೋಷಣೆಯದು. 2002ರಿಂದ ಮಾಲೀಕರೇ ಲೆಕ್ಕ ಹಾಕಿ, ಫಾರಂ ತುಂಬಿ ಕಟ್ಟುತ್ತಾರೆ. ಹಾಗಾಗಿ ಎಷ್ಟೋ ಕಡೆ ಕಟ್ಟಿದ ದಿನವೇ ಬೇಡಿಕೆ ವಹಿಗೆ ಏರುತ್ತದೆ, ಕಟ್ಟದವರದು ಏರುವುದೇ ಇಲ್ಲ. ಹೆಸರಿಗೆ ಹೊಸ ಪದ್ಧತಿ, ಒಳಗೆ ಅದೇ ನಗದು ಲೆಕ್ಕ. ಹಿಂದಿನ ವರ್ಷದ ಘೋಷಣೆ ಹಿಡಿದು ಏಪ್ರಿಲ್ 1ಕ್ಕೇ ಎಲ್ಲ ಖಾತೆಗಳಿಗೂ ಬೇಡಿಕೆ ಏರಿಸಿ, ಫಾರಂ ಬಂದಾಗ ವ್ಯತ್ಯಾಸವನ್ನಷ್ಟೇ ತಿದ್ದಿದರೆ ಸರಿಹೋಗುತ್ತದೆ.

ಖರ್ಚಿನ ಕಡೆಗೆ ಮಾತ್ರ ‘ಬೇಡಿಕೆ’ ಒಗ್ಗದು. ಮಾರ್ಚ್‌ನಲ್ಲಿ ಉರಿದ ಬೀದಿದೀಪದ ಬಿಲ್ಲು ಏಪ್ರಿಲ್‌ನಲ್ಲಿ ಬಂದರೂ ಖರ್ಚು ಮಾರ್ಚ್‌ದೇ. ಎರಡನ್ನೂ ಹಿಡಿಯುವಂತೆ ‘ಬರತಕ್ಕ–ಕೊಡತಕ್ಕ ಲೆಕ್ಕ’ ಎನ್ನಬಹುದು. ‘ಸಂಚಯ ಆಧಾರಿತ’ ಎಂಬುದು ಶೀರ್ಷಿಕೆಯಲ್ಲಿ ಇರಲಿ, ಆಡಿಟ್‌ನವರು ಹುಡುಕುವುದು ಅದನ್ನೇ. ಒಳಗಿನ ಟಿಪ್ಪಣಿಗಳಿಂದ ತೆಗೆದುಬಿಡಿ.