ಸಹಾಯ ಬೇಕು: ರೂಟ್ 66, ಸೆಲಿಗ್ಮನ್‌ನಿಂದ ಆಂಬಾಯ್‌ವರೆಗೆ

ನಮಸ್ಕಾರ. ಅಕ್ಟೋಬರ್‌ನಲ್ಲಿ ಅಮೆರಿಕದ ಹಳೇ ಹೆದ್ದಾರಿ ರೂಟ್ 66ರಲ್ಲಿ, ಅರಿಜೋನಾದ ಸೆಲಿಗ್ಮನ್‌ನಿಂದ ಕ್ಯಾಲಿಫೋರ್ನಿಯಾದ ಆಂಬಾಯ್‌ವರೆಗೆ ಹೋಗುತ್ತಿದ್ದೇವೆ: ನಾಲ್ಕು ಜನ, ಬಾಡಿಗೆ ಎಸ್‌ಯುವಿ. ಅರಿಜೋನಾ, ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಲ್ಲಿ ಈ ದಾರಿಯಲ್ಲಿ ಇತ್ತೀಚೆಗೆ ಓಡಿಸಿದವರು ದಯವಿಟ್ಟು ತಿಳಿಸಿ.

ಸೆಲಿಗ್ಮನ್–ಕಿಂಗ್‌ಮನ್ ಸುಮಾರು 140 ಕಿ.ಮೀ., ಅದರ ಚಿಂತೆಯಿಲ್ಲ. ಮ್ಯಾಪ್‌ಗೆ ಬರೀ ಕಿಂಗ್‌ಮನ್ ಅಂತ ಕೊಟ್ಟರೆ ಹಳೇ ದಾರಿ ಬಿಟ್ಟು ಐ-40 ಎಂಬ ಹೊಸ ದೊಡ್ಡ ಹೆದ್ದಾರಿಗೇ ಎಳೆಯುತ್ತದೆ. ಹಾಗಾಗಿ ಪೀಚ್ ಸ್ಪ್ರಿಂಗ್ಸ್, ಹ್ಯಾಕ್‌ಬೆರಿ ಎರಡನ್ನೂ ನಡುವೆ ಸೇರಿಸಿದ್ದೇವೆ.

ತಲೆನೋವು ಅಲ್ಲಿಂದ ಮುಂದೆ. ಸಿಟ್‌ಗ್ರೀವ್ಸ್ ಪಾಸ್ ದಾಟಿ ಓಟ್‌ಮನ್‌ಗೆ ಇಳಿಯುವ ದಾರಿ ಕಿರಿದು, ಹೇರ್‌ಪಿನ್ ತಿರುವುಗಳು ಬೇರೆ. 40 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹಿಡಿತ ತಪ್ಪುತ್ತದೆ, ಲೋ ಗೇರ್ ಬೇಕೇ ಬೇಕು (ಚಾರ್ಮಾಡಿ ಇಳಿದವರಿಗೆ ಹೇಳಬೇಕಿಲ್ಲ). ಬೆಳಿಗ್ಗೆ ಇಳಿದರೆ ಬಿಸಿಲು ಬೆನ್ನಿಗಿರುತ್ತದೆ. ಕಿಂಗ್‌ಮನ್ ಎಷ್ಟು ಗಂಟೆಗೆ ಬಿಡುವುದು ಒಳ್ಳೆಯದು?

ಮುಖ್ಯ ಪ್ರಶ್ನೆ: ಮೊಹಾವಿ ಮರುಭೂಮಿಯಲ್ಲಿ ಹಳೇ ಮರದ ಸೇತುವೆಗಳು ದಿಢೀರ್ ಪ್ರವಾಹಕ್ಕೆ ಹಾಳಾಗಿ ರಸ್ತೆ ತುಂಡುತುಂಡಾಗಿ ಮುಚ್ಚಿರುತ್ತದೆ. ಐ-40ರಿಂದ ಕೆಲ್‌ಬೇಕರ್ ರಸ್ತೆ ಹಿಡಿದು ದಕ್ಷಿಣಕ್ಕೆ ಇಳಿದರೆ ಈಗ ಆಂಬಾಯ್ ತಲುಪಬಹುದಾ? ಪೆಟ್ರೋಲ್ ನೀಡಲ್ಸ್‌ನಲ್ಲೇ ಫುಲ್ ಮಾಡುತ್ತೇವೆ, ತಲೆಗೆ 4 ಲೀಟರ್ ನೀರು. ಮೊಬೈಲ್ ಸಿಗ್ನಲ್ ಎಲ್ಲೆಲ್ಲಿ ಹೋಗುತ್ತದೆ ಅಂತಲೂ ಹೇಳಿ, ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳುತ್ತೇವೆ.